ಕೂಕಟ್‌ಪಲ್ಲಿ ಎಂದು ಬರೆದಿದ್ದ ಚಲಾನು

ಆ ಕೋರ್ಟಿನ ಹಾಲ್ ನೆನಪಾದರೆ ಇವತ್ತಿಗೂ ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಗೋಡೆಯ ಮೂಲೆಗಳಲ್ಲಿ ಸೊಂಟದೆತ್ತರದವರೆಗೆ ಎಲೆಅಡಿಕೆ, ಗುಟ್ಕಾ ಉಗುಳಿದ ಕಲೆ. ಫ್ಯಾನಿನ ಕೆಳಗೆ ಮ್ಯಾಜಿಸ್ಟ್ರೇಟ್, ಫ್ಯಾನಿಲ್ಲದ ಕಡೆ ನಾವೆಲ್ಲ, ಒಬ್ಬರ ಬೆವರು ಇನ್ನೊಬ್ಬರ ತೋಳಿಗೆ ಹತ್ತುವಷ್ಟು ಒತ್ತಾಗಿ. ಬೆಂಚ್ ಗುಮಾಸ್ತ ನಾಲಗೆಗೆ ಬೆರಳು ಹಚ್ಚಿ ಹಚ್ಚಿ ಚಲಾನುಗಳನ್ನು ಮಗುಚುತ್ತಿದ್ದ. ಅದೇ ಬೆರಳಲ್ಲಿ ಕಿವಿ ಕೆರೆದುಕೊಂಡು, ಮತ್ತೆ ನಾಲಗೆಗೆ ಒಯ್ಯುತ್ತಿದ್ದ. ಜನರ ಮರ್ಯಾದೆ ಅಲ್ಲಿ ಆ ಎಂಜಲು ಬೆರಳಿನ ಕೆಳಗಿತ್ತು.

ಅಲ್ಲಿಗೆ ನಾನು ಅಪ್ಪನ ಜೊತೆ ಹೋಗಿದ್ದೆ. ಕೆಂಪು ದೀಪ ದಾಟಿದ್ದಾರೆ ಅನ್ನುವುದು ಅವರ ಮೇಲಿದ್ದ ಆರೋಪ. ಬೇರೆ ಯಾರ ಮೇಲೋ ಬಂದಿದ್ದರೆ ದಂಡ ಕಟ್ಟಿ ಮರೆಯುವಷ್ಟು ಸಣ್ಣ ವಿಷಯ. ಆದರೆ ನಮ್ಮಪ್ಪ ರೈಲು ಓಡಿಸಿದವರು. ಕಲಬುರಗಿ ಕಡೆಯಿಂದ ಬಂದು, ಕಲ್ಲಿದ್ದಲಿನ ಇಂಜಿನ್ನಿಗೆ ಬೆಂಕಿ ಹಾಕುವ ಕೆಲಸಕ್ಕೆ ಸೇರಿ, ಡ್ರೈವರ್ ಆಗಿ ನಿವೃತ್ತರಾಗಿ ಮಲ್ಕಾಜ್‌ಗಿರಿಯಲ್ಲಿ ಮನೆ ಕಟ್ಟಿಸಿದ್ದರು. ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ರೈಲ್ವೆಯವರೇ. ಆ ಬೀದಿಯಲ್ಲಿ ಕುಡಿದು ಬಿದ್ದವನಿಗೆ ಕ್ಷಮೆ ಇತ್ತು, ಇಸ್ಪೀಟಿನಲ್ಲಿ ಸಂಬಳ ಕಳೆದವನಿಗೂ ಇತ್ತು. ಕೆಂಪು ದಾಟಿದ ಡ್ರೈವರನ ಮಾತು ಬಂದರೆ ಮಾತ್ರ ಹೆಂಗಸರು ಕೂಡ ದನಿ ತಗ್ಗಿಸುತ್ತಿದ್ದರು. ಅಪ್ಪ ತಮ್ಮ ಇಡೀ ಸರ್ವಿಸಿನಲ್ಲಿ ಒಮ್ಮೆಯೂ ಕೆಂಪು ದಾಟಿರಲಿಲ್ಲ. ಮನೆ ಕಟ್ಟಿಸಿದ್ದನ್ನು ಅವರು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ, ಇದೊಂದನ್ನು ಹೇಳಿಕೊಳ್ಳುತ್ತಿದ್ದರು.

ಆದದ್ದು ಇಷ್ಟು. ಅವರ ಓದುವ ಕನ್ನಡಕದ ಗಾಜು ಬದಲಿಸಲು ಅಮೀರ್‌ಪೇಟ್‌ನ ಒಂದು ಅಂಗಡಿಯಲ್ಲಿ ಕೊಟ್ಟಿದ್ದರು. ಅದನ್ನು ತರಲು ಸ್ಕೂಟರ್ ಮೇಲೆ ಹೋದರು. ಅಲ್ಲಿಯ ಒಂದು ಚೌರಸ್ತಾದಲ್ಲಿ ಸಿಗ್ನಲ್ ಕೆಟ್ಟು ಕೆಂಪಿನಲ್ಲೇ ನಿಂತುಬಿಟ್ಟಿತ್ತು. ಕಾನ್‌ಸ್ಟೇಬಲ್ ಕೈ ಬೀಸಿ ವಾಹನಗಳನ್ನು ಬಿಡುತ್ತಿದ್ದ. ಎಲ್ಲರೂ ಹೋದರು, ಅಪ್ಪ ಹೋಗಲಿಲ್ಲ. ರೈಲ್ವೆಯಲ್ಲಿ ಸಿಗ್ನಲ್ ಕೆಟ್ಟರೆ ಯಾರೋ ಕೈ ಬೀಸಿದರೆಂದು ಗಾಡಿ ಬಿಡುವಂತಿಲ್ಲ. ದಾಟಬಹುದು ಅಂತ ಸ್ಟೇಷನ್ ಮಾಸ್ಟರ್ ಕಾಗದ ಬರೆದು ಕೊಡಬೇಕು, ಡ್ರೈವರ್ ಸಹಿ ಹಾಕಿ ಅದನ್ನು ತೆಗೆದುಕೊಳ್ಳಬೇಕು, ಆಮೇಲೆ ನಿಧಾನವಾಗಿ ಹೊರಡಬೇಕು. ಅಪ್ಪ ಸ್ಕೂಟರನ್ನು ಗೆರೆಯ ಹಿಂದೆ ನಿಲ್ಲಿಸಿಕೊಂಡು, ತೆಲುಗಿನಲ್ಲಿ, ಬಹಳ ವಿನಯದಿಂದ, ಬರೆದು ಕೊಡಿ ಅಂತ ಕಾನ್‌ಸ್ಟೇಬಲ್‌ನನ್ನು ಕೇಳಿದರು.

ಹಿಂದೆ ಸಿಟಿ ಬಸ್ಸು, ಆಟೋ, ಕೋಚಿಂಗ್ ಕ್ಲಾಸು ಬಿಟ್ಟು ಬರುತ್ತಿದ್ದವರ ಗುಂಪು, ಎಲ್ಲರ ಹಾರ್ನು ಒಟ್ಟಿಗೆ. ಕಾನ್‌ಸ್ಟೇಬಲ್‌ನ ತಲೆ ಕೆಟ್ಟಿತು. ಬರೆದೇ ಕೊಡಬೇಕಾ, ತಗೋ ಅಂದವನೇ ಪುಸ್ತಕ ತೆಗೆದು, ಸ್ಕೂಟರ್ ನಂಬರು, ಹೆಸರು, ವಿಳಾಸ ಗೀಚಿ, ಸಹಿ ಹಾಕಿಸಿಕೊಂಡು, ಕಾಗದ ಹರಿದು ಕೈಗಿಟ್ಟ. ಅಪ್ಪ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ಕೆಂಪು ದೀಪದ ಕೆಳಗೆ ನಡಿಗೆಯ ವೇಗದಲ್ಲಿ ದಾಟಿದರು. ಅಂಗಡಿಯಲ್ಲಿ ಕನ್ನಡಕ ಕೈಗೆ ಬಂದ ಮೇಲೆ ತೆಲುಗು ಅಕ್ಷರಗಳನ್ನು ಕೂಡಿಸಿ ಓದಿದರು. ಕೆಂಪು ದೀಪ ದಾಟಿದ ಅಪರಾಧಕ್ಕೆ ಚಲಾನು, ಇಂಥ ದಿನ ಕೋರ್ಟಿಗೆ ಹಾಜರಾಗಬೇಕು.

ಮನೆಗೆ ಬಂದು ನನ್ನೆದುರು ಇದನ್ನೆಲ್ಲ ವಿಚಾರಣೆಯಲ್ಲಿ ಹೇಳಿಕೆ ಕೊಟ್ಟಂತೆ ಹೇಳಿದರು. ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ, ಯಾರು ಏನಂದರು, ಒಂದೂ ಬಿಡಲಿಲ್ಲ. ಕೊನೆಗೆ, "ಕಾಗದ ಕೈಯಾಗ ಬಂದ ಮ್ಯಾಲೇ ಗಾಡಿ ಬಿಟ್ಟೀನವಾ," ಅಂದರು. ನನಗೆ ನಗು ಬಂತು, ಅದರ ಬೆನ್ನಿಗೇ ಆ ಕಾನ್‌ಸ್ಟೇಬಲ್‌ನ ಮೇಲೆ ಮೈಯೆಲ್ಲ ಉರಿಯಿತು. ಆ ಸಂಜೆ ಅಪ್ಪ ರೈಲ್ವೆ ಸ್ಟೇಷನ್ನಿಗೆ ಹೋಗಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನಿವೃತ್ತ ಡ್ರೈವರುಗಳು, ಗಾರ್ಡುಗಳು ದಿನಾ ಸೇರುತ್ತಿದ್ದರು. ಅಪ್ಪ ತಪ್ಪಿಸುತ್ತಿರಲಿಲ್ಲ. ಅವತ್ತು ಮೈ ಬೆಚ್ಚಗಿದೆ ಅಂತ ಸುಳ್ಳು ಹೇಳಿ ಮಲಗಿದರು.

ಚಲಾನು ಬಿಡಿಸಿ ನೋಡಿದವಳು ನಾನು. ಅಪರಾಧ ನಡೆದ ಜಾಗ ಅನ್ನುವಲ್ಲಿ ಕೂಕಟ್‌ಪಲ್ಲಿ ಅಂತ ಇತ್ತು. ಅದು ನಗರದ ಇನ್ನೊಂದು ಬಡಾವಣೆ, ಅಪ್ಪ ಅವತ್ತು ಆ ಕಡೆ ತಲೆ ಕೂಡ ಹಾಕಿರಲಿಲ್ಲ. ನನ್ನ ಆಫೀಸಿನವರೊಬ್ಬರು ಗೊತ್ತುಮಾಡಿಕೊಟ್ಟ ವಕೀಲನಿಗೆ ತೋರಿಸಿದಾಗ ಅವನು ಕೋರ್ಟಿನ ಹೊರಗಿನ ಇರಾನಿ ಹೋಟೆಲಿನಲ್ಲಿ ಬಸಿಯಿಂದ ಚಹಾ ಹೀರುತ್ತ ನಕ್ಕ. ಡ್ಯೂಟಿಯ ನಡುವೆ ಬರೆಯುವ ಕಷ್ಟ ತಪ್ಪಿಸಿಕೊಳ್ಳಲು ಕೆಲವರು ಇಡೀ ಪುಸ್ತಕಕ್ಕೆ ಜಾಗ, ಸೆಕ್ಷನ್ನು, ಅಪರಾಧ ಎಲ್ಲ ಮೊದಲೇ ತುಂಬಿಟ್ಟುಕೊಳ್ಳುತ್ತಾರಂತೆ. ಡ್ಯೂಟಿ ಬೇರೆ ಕಡೆ ಬಿದ್ದರೂ ಪುಸ್ತಕ ಅದೇ. ಅಂದರೆ ಅಪ್ಪ ಮನೆ ಬಿಡುವ ಮೊದಲೇ ಅವರ ಅಪರಾಧ ಬರೆದಾಗಿತ್ತು. ಇದನ್ನು ಅವನು ತಮಾಷೆಯೆಂಬಂತೆ ಹೇಳಿದ. ನಾನು ಚಹಾ ಅರ್ಧಕ್ಕೇ ಬಿಟ್ಟು ಕಪ್ಪನ್ನು ಪಕ್ಕಕ್ಕೆ ಸರಿಸಿದೆ.

ಚಲಾನಿನಲ್ಲಿರುವ ಎಲ್ಲ ತಪ್ಪಿಗೂ ಕೇಸು ಬಿದ್ದುಹೋಗುವುದಿಲ್ಲ ಅಂತಲೂ ಅವನೇ ವಿವರಿಸಿದ. ಸ್ಕೂಟರಿನ ಬಣ್ಣ, ಮನೆಯ ನಂಬರು, ಇಂಥವು ತಪ್ಪಿದ್ದರೆ ಗುಮಾಸ್ತ ಅಲ್ಲೇ ಪೆನ್ನಿನಲ್ಲಿ ತಿದ್ದುತ್ತಾನೆ. ಜಾಗವೇ ತಪ್ಪಿದ್ದರೆ ಬೇರೆ. ಕಾನ್‌ಸ್ಟೇಬಲ್ ಬಂದು ಸಾಕ್ಷಿ ಹೇಳಬೇಕಾಗುತ್ತದೆ, ಇಷ್ಟು ಸಣ್ಣದಕ್ಕೆ ಅವನು ಬರುವುದಿಲ್ಲ, ಮ್ಯಾಜಿಸ್ಟ್ರೇಟ್ ಬೇಜಾರಾಗಿ ಬಿಟ್ಟು ಕಳಿಸುತ್ತಾರೆ. ಅಪ್ಪ ಮಾಡಬೇಕಾದದ್ದು ಒಂದೇ: ಆ ದಿನ ನಾನು ಕೂಕಟ್‌ಪಲ್ಲಿಯಲ್ಲಿ ಇರಲಿಲ್ಲ ಅನ್ನಬೇಕು, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು. "ಫಿಕರ್ ನಕ್ಕೋ ಕರೋ, ಚಿಂತೆ ಬಿಡಿ, ಸುಳ್ಳು ಹೇಳಿ ಅಂತ ನಾನೇನು ಹೇಳುತ್ತಿಲ್ಲವಲ್ಲ," ಅಂದ. ಹಲ್ಲಿನ ಸಂದಿಯಲ್ಲಿ ಬಿಸ್ಕೀಟು ಸಿಕ್ಕಿಕೊಂಡಿತ್ತು.

ಅಪ್ಪ ಒಪ್ಪಿದರು. ಹೇಳಬೇಕಾದದ್ದು ನಿಜವೇ ಆದ್ದರಿಂದ ಅವರದೇನೂ ತಕರಾರಿರಲಿಲ್ಲ.

ಕೋರ್ಟಿನ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಸ್ಕೂಟರಿನಲ್ಲಿ ನನ್ನನ್ನು ಹಿಂದೆ ಕೂಡಿಸಿಕೊಂಡು ಬಂದರು. ಅಲ್ಲಿ ಜನರನ್ನು ಗುಂಪುಗುಂಪಾಗಿ ಕರೆಯುತ್ತಿದ್ದರು. ಗುಮಾಸ್ತ ಹೆಸರುಗಳನ್ನು ಗಡಗಡ ಓದುತ್ತಿದ್ದ, ಒಪ್ಪಿಕೊಂಡಿರಾ ಅಂತ ಕೇಳುತ್ತಿದ್ದ, ಎಲ್ಲರೂ ಕೈ ಎತ್ತುತ್ತಿದ್ದರು, ಮುಂದಿನ ಗುಂಪು. ಯಾರು ಏನು ಮಾಡಿದರು ಅಂತ ಯಾರೂ ಕೇಳುತ್ತಿರಲಿಲ್ಲ. ಕುರಿಗಳಿಗೆ ಬಣ್ಣ ಹಚ್ಚಿ ಬಿಡುವಾಗಲೂ ಕುರುಬ ಒಂದೊಂದರ ಮುಖ ನೋಡುತ್ತಾನೆ. ಅಪ್ಪ ಕೈ ಎತ್ತಲಿಲ್ಲ. ಗುಮಾಸ್ತ ಅವರನ್ನು ಮೇಲಿಂದ ಕೆಳಗೆ ನೋಡಿ, ಪಕ್ಕಕ್ಕೆ ನಿಲ್ಲಲು ಹೇಳಿದ. ಹಿಂದಿನವರು, ಈ ಮುದುಕನಿಂದ ನಮ್ಮ ಹೊತ್ತು ಹಾಳು ಅಂತ ಗೊಣಗಿದರು.

ವಕೀಲ ಚಲಾನನ್ನು ಮುಂದಿಟ್ಟು ಜಾಗದ ಮಾತು ಎತ್ತಿದ. ಮ್ಯಾಜಿಸ್ಟ್ರೇಟ್ ತಲೆ ಎತ್ತದೆ, ಆ ದಿನ ಕೂಕಟ್‌ಪಲ್ಲಿಯಲ್ಲಿ ಇದ್ದಿರಾ ಅಂತ ಅಪ್ಪನನ್ನು ಕೇಳಿದರು. ಅಪ್ಪ ಇಲ್ಲ ಅಂದರು. ಮ್ಯಾಜಿಸ್ಟ್ರೇಟ್ ಪೆನ್ನು ಎತ್ತಿಕೊಂಡರು. ಇನ್ನೇನು ಮುಗಿಯಿತು, ಹೊರಗೆ ಹೋಗಿ ಗಾಳಿ ಕುಡಿಯಬಹುದು ಅಂದುಕೊಂಡೆ.

ಆಗ ಅಪ್ಪ ಕೈ ಮುಗಿದು, ಅಲ್ಲಿ ಜಾಗ ತಪ್ಪು ನಮೂದಾಗಿದೆ, ಅದನ್ನು ಅಮೀರ್‌ಪೇಟ್ ಅಂತ ತಿದ್ದಬೇಕು ಅಂದರು.

ವಕೀಲ ಅವರ ಅಂಗಿ ಹಿಡಿದು ಎಳೆದ. ಅಪ್ಪ ಸುಮ್ಮನಾಗಲಿಲ್ಲ. ತಪ್ಪು ನಮೂದು ಕಣ್ಣಿಗೆ ಬಿದ್ದ ಮೇಲೂ ಬಾಯಿ ಮುಚ್ಚಿಕೊಂಡಿರುವುದು ಅವರಿಗೆ ಬರುತ್ತಲೇ ಇರಲಿಲ್ಲ. ಜೊತೆಗೆ ಅವರಿಗೊಂದು ನಂಬಿಕೆ ಇತ್ತು. ಜಾಗ ಸರಿಯಾದರೆ ಯಾರಾದರೂ ಅಲ್ಲಿಗೆ ಹೋಗಿ ಆ ಸಿಗ್ನಲ್ಲನ್ನು ಪರೀಕ್ಷಿಸುತ್ತಾರೆ, ಕಾನ್‌ಸ್ಟೇಬಲ್‌ನ ಹೇಳಿಕೆ ತೆಗೆದುಕೊಳ್ಳುತ್ತಾರೆ, ರೈಲ್ವೆಯಲ್ಲಿ ಮಾಡುವ ಹಾಗೆ. ಪಾಪ, ಉಗುಳಿನ ನಡುವೆ ನಿಂತು ಅವರು ವಿಚಾರಣೆಗೆ ಕಾಯುತ್ತಿದ್ದರು.

ಮ್ಯಾಜಿಸ್ಟ್ರೇಟ್ ಮೊದಲ ಸಲ ಮುಖ ನೋಡಿದರು. ಹಾಗಾದರೆ ಅಮೀರ್‌ಪೇಟ್‌ನಲ್ಲಿ ಕೆಂಪು ಇದ್ದಾಗ ದಾಟಿದ್ದು ನಿಜವೇ ಅಂದರು. ದಾಟಿದ್ದು ನಿಜ, ಆದರೆ ದೀಪ ಕೆಟ್ಟಿತ್ತು, ಕೈ ಸನ್ನೆ ಇತ್ತು, ನಾನು ಕಾಗದ ಕೇಳಿ ಪಡೆದು... ಅಂತ ಅಪ್ಪ ಶುರುಮಾಡಿದರು. ಅಷ್ಟರಲ್ಲಿ ಗುಮಾಸ್ತ, ಒಪ್ಪಿಕೊಂಡಿದ್ದಾರೆ ಸಾರ್ ಅಂದಾಗಿತ್ತು. ಪೊಲೀಸರೇ ಕೈ ಬೀಸಿ ಬಿಟ್ಟಿದ್ದು ಅಂತ ನಾನು ಜೋರಾಗಿ ಹೇಳಿದೆ. ಹೆಂಗಸರು ನಡುವೆ ಬಾಯಿ ಹಾಕಬಾರದು ಅಂತ ಗುಮಾಸ್ತ ಬಾಗಿಲು ತೋರಿಸಿದ. ಕೂಕಟ್‌ಪಲ್ಲಿಗೆ ಅಡ್ಡಗೆರೆ ಎಳೆದು, ಮೇಲೆ ಅಮೀರ್‌ಪೇಟ್ ಅಂತ ಬರೆದು, ತಿದ್ದಿದ ಕಡೆ ಸಹಿ ಬೇಕು ಅಂತ ಪೆನ್ನನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಕನ್ನಡಕ ಹಾಕಿಕೊಂಡು, ಓದಿ, ಗೆರೆ ದಾಟದಂತೆ ಮುದ್ದಾಗಿ ಸಹಿ ಹಾಕಿದರು. ಗುಮಾಸ್ತ ಎಂಜಲು ಬೆರಳಿನಿಂದ ಆ ಕಾಗದವನ್ನು ಒತ್ತಿ, ಗುಂಪಿನ ಜೊತೆ ಸೇರಿಸಿದ. ನನಗೆ ಆ ಕಾಗದ ಕಿತ್ತುಕೊಂಡು ಅವನ ಬಾಯಿಗೇ ತುರುಕಬೇಕು ಅನ್ನಿಸಿತು.

ಹೊರಗೆ ವಕೀಲ ನನ್ನ ಮೇಲೆ ಹಾರಾಡಿದ. ಸತ್ತ ಕೇಸಿಗೆ ನಿಮ್ಮಪ್ಪನೇ ಜೀವ ಕೊಟ್ಟರು ಅಂದ. ಫೀಸು ಮಾತ್ರ ಬಿಡಲಿಲ್ಲ. ಚಲಾನಿನಲ್ಲಿ ತಪ್ಪಿದ್ದರೆ ಕೇಸು ಬಿದ್ದುಹೋಗುತ್ತದಾ ಅಂತ ಈಗಲೂ ಪರಿಚಯದವರು ನನ್ನನ್ನು ಕೇಳುವುದುಂಟು. ಬಿದ್ದುಹೋಗುತ್ತದೆ ಅನ್ನುತ್ತೇನೆ, ಕಾಗದ ಎಷ್ಟು ಕೆಟ್ಟದ್ದೋ ನೀವೂ ಅಷ್ಟೇ ಕೆಟ್ಟವರಾದರೆ.

ದಂಡ ಕಟ್ಟಿ ಸ್ಕೂಟರ್ ನಿಲ್ಲಿಸಿದ್ದ ಕಡೆ ಬಂದೆವು. ಅಪ್ಪ ಕೀಲಿಕೈ ತೆಗೆದವರು ಅದನ್ನು ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ನನ್ನ ಕೈಗೆ ಕೊಟ್ಟರು. ನನಗೆ ಸ್ಕೂಟರ್ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಯಾರನ್ನಾದರೂ ಕಳಿಸಿ ತರಿಸು, ಆಮೇಲೆ ಮಾರಿಬಿಡು ಅಂದರು.

"ಅಪ್ಪಾ, ಅವರು ಬರ್ದದ್ದು ಸುಳ್ಳೈತಿ. ನೀ ದಾಟಿಲ್ಲ. ಆ ಪೊಲೀಸನಾಂವ ದಾಟಿಸ್ಯಾನ," ಅಂದೆ.

"ಸಹಿ ನಂದ ಐತಲ್ಲವಾ," ಅಂದರು. ಕನ್ನಡಕ ತೆಗೆದು ಅಂಗಿಯ ಜೇಬಿಗಿಟ್ಟುಕೊಂಡರು. "ಕೆಂಪು ದಾಟಿದ ಡ್ರೈವರ್‌ನ ಅಲ್ಲೇ ಇಳಸ್ತಾರ. ಮುಂದಿನ ಸ್ಟೇಷನ್ ತನಕಾನೂ ಅವನ ಕೈಯಾಗ ಗಾಡಿ ಕೊಡಂಗಿಲ್ಲ."

ಅಷ್ಟು ಹೇಳಿ ಬಸ್ ಸ್ಟಾಪ್ ಎಲ್ಲಿದೆ ಅಂತ ದಾರಿಯವರನ್ನು ಕೇಳುತ್ತ ಮುಂದೆ ನಡೆದರು.