ಬಾಯಾರಿದ ಮಾಟಗಾತಿ

ಕಾರ್ಕಳದ ಟೈಪಿಂಗ್ ಅಂಗಡಿಯಲ್ಲಿ ನನ್ನ ಕಾದಂಬರಿಯನ್ನು ಟೈಪ್ ಮಾಡಿದ ಅಕ್ಕನಿಗೆ, ಬರೆದದ್ದನ್ನು ಬರೆದ ಹಾಗೆ ಟೈಪ್ ಮಾಡುವ ಅಭ್ಯಾಸವೇ ಇರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ "ಇದು ಆಗ್ಲಿಕ್ಕಿಲ್ಲ ಸರ್" ಎಂದರೆ ಮುಗಿಯಿತು.

ಅದು ಹದಿಹರೆಯದವರಿಗೆಂದು ಬರೆದ ಕಥೆ. ಒಬ್ಬರ ಮನೆಗೆ ಒಬ್ಬರು ಕಾಲಿಡುವುದಿಲ್ಲವೆಂದು ಆಣೆ ಹಾಕಿಕೊಂಡ ಎರಡು ಮಾಟಗಾತಿ ಮನೆತನಗಳು. ಕೊನೆಗೆ ಒಂದು ಮನೆಯ ಹುಡುಗಿ ವೈರಿಗಳ ಮನೆಗೆ ಹೋಗಿ ಒಂದು ಲೋಟ ನೀರು ಕುಡಿಯುತ್ತಾಳೆ. ಅಕ್ಕ ಆ ನೀರನ್ನೇ ತೆಗೆದುಬಿಟ್ಟಿದ್ದರು.

"ದೈವದ ಎದುರು ಆಣೆ ಬಿಡಿಸದೆ ಆ ಮನೆಯ ನೀರು ಮುಟ್ಟಲಿಕ್ಕುಂಟಾ?"

"ಅಕ್ಕಾ, ಅವರು ಮಾಟಗಾತಿಯರು. ಅವರ ಊರಿನಲ್ಲಿ ದೈವವೇ ಇಲ್ಲ."

"ಹಾಗಾದ್ರೆ ಬಿಡಿಸುವುದು ಯಾರು? ಮತ್ತೂ ಕಷ್ಟ ಅಲ್ವಾ?"

ಎಷ್ಟು ಸಲ ತಿದ್ದಿಕೊಟ್ಟರೂ ನನ್ನ ಕಥೆಯ ಹುಡುಗಿ ಬಾಯಾರಿಯೇ ಹಿಂತಿರುಗುತ್ತಿದ್ದಳು.

ತಲೆಕೆಟ್ಟು ಒಂದು ಮಧ್ಯಾಹ್ನ ಜಗಳಕ್ಕೆಂದೇ ಹೋದೆ. ಅಕ್ಕ ಅಂಗಡಿಯಲ್ಲಿರಲಿಲ್ಲ.

"ನೀರು ತರಲಿಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾಳೆ, ಕೂತ್ಕೊಳ್ಳಿ" ಎಂದು ಪಕ್ಕದ ಹೋಟೆಲಿನವರು ಕರೆದು ನನಗೊಂದು ಲೋಟ ನೀರು ಕೊಟ್ಟರು.

"ಈ ಬಿಸಿಲಿಗೆ ಅಷ್ಟು ದೂರ ಯಾಕೆ? ಇಲ್ಲೇ ಉಂಟಲ್ಲ?"

ಅವರು ಮೇಜು ಒರೆಸುತ್ತಲೇ ಹೇಳಿದರು: "ನಾನು ಅವಳ ಅಣ್ಣ."