ಕಿವಿ ಸಿಸ್ಟರ್ ಕಾದ ಎರಡು ಹೆರಿಗೆಗಳು

ಹೆರಿಗೆ ವಾರ್ಡಿನಲ್ಲಿ ಅವರನ್ನು ಎಲ್ಲರೂ ಕಿವಿ ಸಿಸ್ಟರ್ ಎಂದೇ ಕರೆಯುತ್ತಿದ್ದರು. ‘ಗೋಡೆಗೆ ಕಿವಿ ಇರುತ್ತಂತೆ, ನಮ್ಮ ಸಿಸ್ಟರಿಗೆ ಬಸುರಿ ಹೊಟ್ಟೆ ಒಳಗೇ ಕಿವಿ’ ಎಂದು ಆಯಾ ಒಮ್ಮೆ ತಮಾಷೆಗೆ ಅಂದದ್ದು ಹೆಸರಾಗಿ ನಿಂತುಬಿಟ್ಟಿತು. ಇಪ್ಪತ್ತೆಂಟು ವರ್ಷ ಅದೇ ವಾರ್ಡು. ಗಂಟೆಗಟ್ಟಲೆ ಸೊಂಟ ನೀವುತ್ತಾ, ಕೈಹಿಡಿದು ಕಾರಿಡಾರಿನಲ್ಲಿ ನಡೆಸುತ್ತಾ, ಸಹಜ ಹೆರಿಗೆಗೆ ಅವರಷ್ಟು ತಾಳ್ಮೆಯಿಂದ ಕಾಯುವವರು ಇರಲಿಲ್ಲ. ಅಂಥವರೇ ‘ಇನ್ನು ಕಾಯೋದು ಬೇಡ’ ಅಂದರೆ ಡಾಕ್ಟರು ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟು ಎದ್ದು ಬರುತ್ತಿದ್ದರು.

ಒಂದು ಮಧ್ಯಾಹ್ನ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಚೊಚ್ಚಲ ಹೆರಿಗೆಗೆ ಬಂದಳು. ನೋವು ಚೆನ್ನಾಗಿಯೇ ಬರುತ್ತಿತ್ತು. ಆದರೆ ಪ್ರತಿ ನೋವಿನ ಬೆನ್ನಿಗೇ ಮಗುವಿನ ಎದೆಬಡಿತ ಇಳಿಯುತ್ತಿದ್ದುದು ಸಿಸ್ಟರ್ ಗಮನಕ್ಕೆ ಬಂತು. ಎಡಮಗ್ಗುಲಿಗೆ ಮಲಗಿಸಿದರು, ಡ್ರಿಪ್ ಹಾಕಿದರು. ಸುಧಾರಿಸಲಿಲ್ಲ. ಒಡೆದ ನೀರೂ ಹಸಿರಾಗಿತ್ತು; ಮಗು ಒಳಗೇ ಮಲ ಮಾಡಿಕೊಂಡಿತ್ತು. ಡಾಕ್ಟರು ನೋಡಿದವರೇ ಆಪರೇಷನ್ ಆಗಲೇಬೇಕು ಎಂದರು.

‘ಅತ್ತೆ ಒಪ್ಪಿದ್ರೆ ಮಾತ್ರ’ ಎಂದು ಬಸುರಿ ಅತ್ತಳು. ಬಾಗಿಲಲ್ಲಿ ಅತ್ತೆ ಸೆಟೆದು ನಿಂತಿದ್ದರು.

“ನಾನು ಐದು ಹೆತ್ತೀನಿ, ಒಂದಕ್ಕೂ ಕತ್ತರಿ ತಾಗಿಲ್ಲ. ನೀವು ಆಸ್ಪತ್ರೆಯವರು ಸುಮ್‌ಸುಮ್ನೆ ಕೊಯ್ತೀರಿ.”

“ಹಾಗೆ ಕೊಯ್ಯೋರೂ ಇದಾರಮ್ಮ, ಸುಳ್ಳು ಹೇಳಲ್ಲ. ಇದು ಅಂಥದ್ದಲ್ಲ. ಬನ್ನಿ, ನೀವೇ ಕೇಳಿ.”

ಯಂತ್ರದಲ್ಲಿ ಟಕಟಕ ಓಡುತ್ತಿದ್ದ ಸದ್ದು ನೋವು ಬಂದು ಹೋಗುತ್ತಿದ್ದಂತೆ ಟಕ್... ಟಕ್... ಎಂದು ಕುಂಟತೊಡಗಿತು. ಅತ್ತೆಯ ಮುಖ ಬಿಳಿಚಿಕೊಂಡಿತು.

“ಇನ್ನೂ ನನ್ನ ಮುಖ ಏನ್ ನೋಡ್ತೀರಿ? ಕರ್ಕೊಂಡ್ಹೋಗಿ!” ಎಂದು ಸಿಸ್ಟರನ್ನೇ ಗದರಿದರು.

ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಬಿಗಿದಿತ್ತು. ಮೈ ಒರೆಸಿ ಬೆನ್ನು ಉಜ್ಜಿದ ಮೇಲೆ ಹೆಣ್ಣುಕೂಸು ಥಿಯೇಟರೇ ಅದುರುವಂತೆ ಅತ್ತಿತು.

ಮೂರನೆಯ ದಿನ ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. “ಎಲ್ರೂ ಹೆರ್ತಾರೆ ಸಿಸ್ಟರ್. ನನ್ನ ಕೈಲಿ ಆಗ್ಲಿಲ್ಲ.”

“ಹೊಟ್ಟೆ ಕೊಯ್ಸ್ಕೊಂಡು ಮಗುನ ಉಳಿಸ್ಕೊಂಡಿದೀಯ, ಅದು ಹೆತ್ತ ಹಾಗಲ್ವೇನೇ? ಹೊಲಿಯೋಳಿಗೆ ನಾನು ಹೊಲಿಗೆ ಪಾಠ ಹೇಳ್ಬೇಕಾ? ಏಳು, ನಾಲ್ಕು ಹೆಜ್ಜೆ ಹಾಕು.”

ನೋವಿನಲ್ಲೂ ಅವಳಿಗೆ ನಗು ಬಂತು. ಕೆಮ್ಮುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯುವುದನ್ನು, ಮಗ್ಗುಲಾಗಿ ಮಲಗಿ ಹಾಲೂಡಿಸುವುದನ್ನು ಸಿಸ್ಟರ್ ಕಲಿಸಿದರು.

ಮೂರು ವರ್ಷದ ನಂತರ ಅವಳು ಮತ್ತೆ ಬಸುರಿಯಾಗಿ ಬಂದಳು. ಒಮ್ಮೆ ಕೊಯ್ದರೆ ಮತ್ತೆಯೂ ಕೊಯ್ಯಲೇಬೇಕು ಎಂದು ಯಾರೋ ಹೇಳಿದ್ದರು. ದಿನ ಗೊತ್ತುಮಾಡಿ ಎಂದು ಕೇಳಿದಳು. ಸಿಸ್ಟರ್ ಹಳೆಯ ಕಾಗದ ಹಿಡಿದು ಡಾಕ್ಟರ ಬಳಿ ಹೋದರು.

“ಆಗ ಕೊಯ್ದಿದ್ದು ಬಡಿತ ಇಳೀತು ಅಂತ, ದಾರಿ ಚಿಕ್ಕದು ಅಂತಲ್ಲ. ಥಿಯೇಟರ್ ರೆಡಿ ಇಟ್ಕೊಂಡು ಈ ಸಲ ನೋಡೋಣ್ವಾ ಮೇಡಂ?”

ಡಾಕ್ಟರು ಪರೀಕ್ಷಿಸಿ, ಹಳೆಯ ಗಾಯ ಬಿರಿಯುವ ಅಪಾಯವನ್ನೂ ಮುಚ್ಚಿಡದೆ ಹೇಳಿದರು. ಎರಡು ದಿನ ಯೋಚಿಸಿ ಅವಳು ಒಪ್ಪಿದಳು.

ಹೆರಿಗೆಯ ದಿನ ಸಿಸ್ಟರ್ ಒಂಬತ್ತು ಗಂಟೆ ಅವಳ ಪಕ್ಕದಿಂದ ಕದಲಲಿಲ್ಲ. ಕಾಲುಗಂಟೆಗೊಮ್ಮೆ ಬಡಿತ ಕೇಳುವುದು, ಗಾಯದ ಜಾಗ ಮುಟ್ಟಿ ನೋಡುವುದು, ಬೆನ್ನು ಉಜ್ಜುವುದು. ಇಳಿಬಿಸಿಲಿನ ಹೊತ್ತಿಗೆ ಮಗು ತಾನಾಗಿಯೇ ದಾರಿ ಮಾಡಿಕೊಂಡು ಬಂತು. ಗಂಡು.

“ದಿನ ಗೊತ್ತುಮಾಡಿದ್ರೆ ಬೆಳಿಗ್ಗೆನೇ ಮುಗೀತಿತ್ತಲ್ಲ?” ಎಂದಳು ಹೊಸ ನರ್ಸು.

“ಮುಗೀತಿತ್ತು. ಆದ್ರೆ ಅವಸರ ನಮ್ಮದಾಗಿರ್ತಿತ್ತು, ಇವಳದ್ದಲ್ಲ” ಎಂದು ಸಿಸ್ಟರ್ ಹಿಡಿದುಕೊಂಡ ಸೊಂಟವನ್ನು ಸಡಿಲಿಸಿಕೊಂಡರು.

ಅತ್ತೆ ಸ್ಟೂಲು ಎಳೆದು ಅವರನ್ನು ಬಲವಂತವಾಗಿ ಕೂರಿಸಿ, ಬೆಳಗಿನಿಂದ ಮುಟ್ಟದ ಊಟದ ಡಬ್ಬಿ ತೆರೆದು ಕೈಗಿಟ್ಟರು.

“ಮೊದ್ಲು ತಿನ್ನಿ. ಮಗುನ ನಾನು ನೋಡ್ಕೋತೀನಿ.”