ದೇವರ ಕೋಣೆಯ ಕರಿ ನೆಲ

ಮೊನ್ನೆ ಬೆಳಿಗ್ಗೆ ಹಳದೀಪುರದ ಮನೆಯ ಬಚ್ಚಲೊಲೆಗೆ ತೆಂಗಿನ ಕರಟ ತುಂಬಿದಾಗ ಎದ್ದ ಸುಟ್ಟ ವಾಸನೆಗೆ ಅವಳ ನೆನಪಾಯಿತು. ನಮ್ಮ ಮನೆಯ ನೆಲ ಮಾಡಿದವಳು. ನಾವು ಅವಳನ್ನು ಕರೆಯುತ್ತಿದ್ದುದೂ ಹಾಗೆಯೇ, ನೆಲದವಳು.

ಚಿರೆಕಲ್ಲಿನ ಗೋಡೆ, ಹಲಸಿನ ಕಂಬ, ಜಗಲಿ, ನಡುಮನೆ, ಅದರಾಚೆ ದೇವರ ಕೋಣೆ... ಎಲ್ಲ ಅಜ್ಜ ಕಟ್ಟಿಸಿದ್ದು ಎಂದು ಕೊಚ್ಚಿಕೊಳ್ಳುತ್ತಿದ್ದೆವು. ಬಂದವರು ಬೆರಗಾಗುತ್ತಿದ್ದುದು ಮಾತ್ರ ನೆಲಕ್ಕೆ. ಕರಟದ ಮಸಿ, ಮಣ್ಣು, ಸುಣ್ಣ ಕಲಸಿ ಬಳಿದು, ಹೊಳೆಯ ನುಣುಪು ಕಲ್ಲಿನಿಂದ ದಿನಗಟ್ಟಲೆ ತಿಕ್ಕಿ, ಮುಖ ಕಾಣುವಷ್ಟು ಹೊಳಪು ತಂದಿದ್ದಳು. ಒಳಗಿನ ಗೋಡೆಯಿಂದ ಶುರುಮಾಡಿ ಕೂತಲ್ಲೇ ಹಿಂದೆ ಸರಿಯುತ್ತ ಬಂದು, ಕೊನೆಯ ಗೇಣಗಲವನ್ನು ಹೊಸ್ತಿಲಾಚೆ ಕೂತು ತಿಕ್ಕಬೇಕು. ದೇವರ ಕೋಣೆಯಿಂದ ಹಾಗೆ ಹೊರಬಂದವಳು ಮತ್ತೆ ಒಳಗೆ ಕಾಲಿಡಲಿಲ್ಲ. ಗೃಹಪ್ರವೇಶವಾದ ಮೇಲೆ ಅವಳ ಜಾತಿಯವರಿಗೆ ಜಗಲಿಯೇ ಗಡಿ. ಇದೆಲ್ಲ ನಾನು ಹುಟ್ಟುವ ಮೊದಲಿನ ಮಾತು.

ನಾನು ಹೊನ್ನಾವರದಲ್ಲಿ ಕಾಲೇಜು ಓದುತ್ತಿದ್ದಾಗ ಒಂದು ಮಧ್ಯಾಹ್ನ ಅವಳು ಕಸಬರಿಗೆ ಕೊಡಲು ಬಂದಳು. ಅಪ್ಪ, ಆಯಿ ಇಬ್ಬರೂ ಹೊರಗೆ ಹೋಗಿದ್ದರು, ಮನೆಯಲ್ಲಿ ನಾನೊಬ್ಬಳೇ. ಮುದುಕಿಯಾಗಿದ್ದಳು, ಕಣ್ಣಿಗೆ ಪೊರೆ ಬರುತ್ತಿತ್ತು. ಜಗಲಿಯ ಮೇಲೆ ಕೂತು ಅದೂ ಇದೂ ಮಾತಾಡಿ ಕೊನೆಗೆ ಕೇಳಿದಳು.

“ತಂಗೀ, ಕಣ್ ಪೂರಾ ಹೋಗೂದ್ರೊಳಗೆ ಆ ದೇವ್ರ ಕೋಣೆ ನೆಲ ಒಂದ್ಸಲ ನೋಡ್ಕಂಡ್ ಬರ್ಲಾ?”

ಅದೇ ವಾರ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಸಮಾನತೆಯ ಬಗ್ಗೆ ಮಾತಾಡಿ ಬಹುಮಾನ ಗಿಟ್ಟಿಸಿದ್ದವಳು ನಾನು. ನೋಡುವವರು ಯಾರೂ ಇರಲಿಲ್ಲ. ಬಾ ಎಂದರೆ ಮುಗಿಯುತ್ತಿತ್ತು.

“ಆಯಿ ಬರ್ಲಿ, ಕೇಳಿ ಹೇಳ್ತೆ,” ಎಂದೆ.

“ಆತು,” ಎಂದಳು.

ಆಯಿಯನ್ನು ನಾನು ಕೇಳಲೇ ಇಲ್ಲ. ಆಮೇಲೂ ಅವಳು ಎಷ್ಟೋ ಸಲ ಬಂದಳು, ಕಡೆಕಡೆಗೆ ಮೊಮ್ಮಗಳ ಕೈ ಹಿಡಿದು... ಆ ಮಾತು ಮತ್ತೆ ಎತ್ತಲಿಲ್ಲ. ತೀರಿಕೊಂಡ ಸುದ್ದಿ ನನಗೆ ತಿಳಿದದ್ದೂ ತಿಂಗಳುಗಳ ಮೇಲೆ. ಅವಳ ಆ ‘ಆತು’ ನೆನಪಾದರೆ ಈಗಲೂ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಕರಟದ ವಾಸನೆ ಬಂದ ದಿನವೇ ಮಧ್ಯಾಹ್ನ, ಹಳೇ ಮನೆಗಳ ನಕ್ಷೆ ಬರೆಯುವ ಇಬ್ಬರು ವಿದ್ಯಾರ್ಥಿಗಳು ಬಂದಿದ್ದರು. ಅವರು ಚಪ್ಪಲಿ ಬಿಟ್ಟದ್ದೇ ತಡ, ಕರೆದುಕೊಂಡು ಹೋಗಿ ನೇರ ದೇವರ ಕೋಣೆಯಲ್ಲಿ ನಿಲ್ಲಿಸಿದೆ. ಯಾರು, ಯಾವ ಜನ, ಒಂದೂ ಕೇಳಲಿಲ್ಲ. ಹುಡುಗಿ ಮಂಡಿಯೂರಿ ನೆಲ ಸವರಿ, ಇದನ್ನು ಮಾಡಿದವರು ಯಾರು ಎಂದಳು. ಈ ಸಲ ನಾನು ಅಜ್ಜನ ಸುದ್ದಿ ಎತ್ತಲಿಲ್ಲ. ಪಕ್ಕದ ಕೇರಿಯ ಒಬ್ಬ ಹೆಂಗಸು ಎಂದೆ. ಹುಡುಗಿ ಬರೆದುಕೊಂಡು, ಅವರ ಹೆಸರೇನು ಎಂದು ತಲೆಯೆತ್ತಿದಳು.

ನನಗೆ ಗೊತ್ತಿರಲಿಲ್ಲ. ನಾನು ಯಾವತ್ತೂ ಕೇಳಿರಲಿಲ್ಲ.